ಕ್ಯಾರನ್‌ಳ ಕ್ಯಾಸೆಟ್ಟಿನ ಮೇಲೆ ಭಜನೆ

ಎಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕನ್ನಡದ ಮನೆಗಳು ಎಷ್ಟು ವಿರಳವಾಗಿದ್ದವೆಂದರೆ, ಮೆಲ್ಬರ್ನ್‌ನಿಂದ ಒಬ್ಬರು ಕಾರಿನಲ್ಲಿ ಬಂದಿಳಿದರೂ ನಮಗದು ಹಬ್ಬ. ಅತಿಥಿಗಳು ಬರುತ್ತಿದ್ದ ಆ ವಾರಾಂತ್ಯಗಳನ್ನು ಇಲ್ಲಿನ ಹಳೆಯ ಕನ್ನಡಿಗರಾದ ನಿಮ್ಮಲ್ಲಿ ಹಲವರು ಪ್ರೀತಿಯಿಂದ ನೆನೆಯುತ್ತೀರಿ. ನನಗೆ ಅದು ಸಾಧ್ಯವಾಗಿಲ್ಲ.

ನನಗಾಗ ಹದಿಮೂರು ವರ್ಷ. ಪಕ್ಕದ ಮನೆಯ ಕ್ಯಾರನ್ ನನ್ನ ಸಹಪಾಠಿ. ಆ ಶಾಲೆಯಲ್ಲಿ ತಾನಾಗಿ ಬಂದು ನನ್ನ ಪಕ್ಕ ಕುಳಿತವಳು ಅವಳೊಬ್ಬಳೇ. ಮನೆ ಬಿಟ್ಟುಹೋಗಿದ್ದ ಅವಳ ತಂದೆ ಹುಟ್ಟುಹಬ್ಬಕ್ಕೆ ಒಂದು ಕ್ಯಾಸೆಟ್ ಕಳುಹಿಸಿದ್ದರು. ಇಂಗ್ಲೆಂಡಿನ ಯಾವುದೋ ತಂಡದ ನೃತ್ಯಗೀತೆಗಳು. ತಬಲೆಯಿಲ್ಲ, ಪಿಟೀಲಿಲ್ಲ, ಎಲ್ಲವೂ ಸಿಂಥಸೈಸರ್ ಮತ್ತು ಡ್ರಮ್ ಯಂತ್ರದ ನಾದ. ಹೇರ್ ಸ್ಪ್ರೇ ಮತ್ತು ಸುಟ್ಟ ಟೋಸ್ಟಿನ ವಾಸನೆ ತುಂಬಿದ ಅವಳ ಕೋಣೆಯಲ್ಲಿ, ಮುಖದಲ್ಲಿ ನಗುವಿಲ್ಲದೆ, ಬೊಂಬೆಗಳಂತೆ ಭುಜಗಳನ್ನಷ್ಟೇ ಕುಣಿಸುತ್ತ ನಾವು ಅಭ್ಯಾಸ ಮಾಡುತ್ತಿದ್ದೆವು. ಶಾಲೆಯ ವಾರ್ಷಿಕ ಕಾರ್ಯಕ್ರಮಕ್ಕೆ ಸೋಮವಾರ ಆಯ್ಕೆ ನಡೆಯಲಿತ್ತು. ಹಿಂದಿನ ಶುಕ್ರವಾರ ಕ್ಯಾರನ್ ಆ ಕ್ಯಾಸೆಟ್ಟನ್ನು ನನ್ನ ಕೈಗಿತ್ತು, "ಲುಕ್ ಆಫ್ಟರ್ ಇಟ್, ಓಕೆ?" ಎಂದಳು.

ಶನಿವಾರ ಮೆಲ್ಬರ್ನ್‌ನಿಂದ ಶ್ರೀಪಾದ ಅಂಕಲ್ ಹಾರ್ಮೋನಿಯಂ ಸಮೇತ ಬಂದರು. ಬಿಸಿಬೇಳೆ ಬಾತ್ ಮುಗಿಸಿ ಹಾಡಲು ಕುಳಿತವರಿಗೆ ತಮ್ಮ ಭಜನೆಯನ್ನು ನಮಗೆ ಉಡುಗೊರೆಯಾಗಿ ಬಿಟ್ಟುಹೋಗುವ ಮನಸ್ಸಾಯಿತು. ಮಾರಾಟದ ಕ್ಯಾಸೆಟ್ಟಿನ ಬೆನ್ನಿನ ತೂತುಗಳಿಗೆ ಅಂಟುಟೇಪ್ ಹಚ್ಚಿದರೆ ಅದರ ಮೇಲೆಯೂ ರೆಕಾರ್ಡ್ ಮಾಡಬಹುದೆಂಬ ವಿದ್ಯೆ ಆಗ ನಮ್ಮವರೆಲ್ಲರಿಗೂ ಕರಗತವಾಗಿತ್ತು. ನಾನು ಹಿತ್ತಲಲ್ಲಿ ಅತಿಥಿಗಳ ಮಕ್ಕಳನ್ನು ಆಡಿಸುತ್ತಿದ್ದೆ. ಒಳಗೆ ನಡೆದ ಮಾತನ್ನು ಅಮ್ಮ ಎಷ್ಟೋ ದಿನಗಳ ಮೇಲೆ ಹೇಳಿದ್ದು.

"ಖಾಲಿ ಕ್ಯಾಸೆಟ್ ಇಲ್ವೇನ್ರೀ?"

"ಇದನ್ನೇ ತೊಗೊಳ್ಳಿ," ಎಂದರಂತೆ ನನ್ನ ತಂದೆ. "ಮಗಳು ಯಾವ್ದೋ ಕುಣಿತದ್ದು ತಂದಿಟ್ಟಿದಾಳೆ."

"ಅಯ್ಯೋ, ಇವನ್ಯಾರ್ರೀ, ಗಂಡಸಾಗಿ ಕಣ್ಣಿಗೆ ಕಾಡಿಗೆ ಹಚ್ಕೊಂಡಿದಾನೆ! ಅಳಿಸಿದ್ರೆ ಪುಣ್ಯ ಬರತ್ತೆ!" ಎಂದರಂತೆ ಅಂಕಲ್, ಡಬ್ಬಿಯ ಮೇಲಿನ ಚಿತ್ರ ನೋಡಿ.

ಎಲ್ಲರೂ ನಕ್ಕರಂತೆ.

ಭಾನುವಾರವೂ ಅತಿಥಿಗಳಿಂದ ಮನೆ ತುಂಬಿತ್ತು, ಅಭ್ಯಾಸಕ್ಕೆ ಬಿಡುವಾಗಲಿಲ್ಲ. ಸೋಮವಾರ ಬೆಳಿಗ್ಗೆ ಡಬ್ಬಿಯನ್ನು ತೆರೆಯದೆಯೇ ಚೀಲಕ್ಕೆ ಹಾಕಿಕೊಂಡು ಹೊರಟೆ. ಶಾಲೆಯ ಸಭಾಂಗಣದಲ್ಲಿ ನಾವಿಬ್ಬರೂ ಭುಜ ಎತ್ತಿ ಸಿದ್ಧರಾಗಿ ನಿಂತೆವು. ಶಿಕ್ಷಕಿ ಗುಂಡಿ ಒತ್ತಿದರು. ಅಂಕಲ್ ಗಂಟಲು ಸರಿಪಡಿಸಿಕೊಂಡರು, ಹಾರ್ಮೋನಿಯಂ ಮೊಳಗಿತು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಕ್ಯಾರನ್ ನಗಲಿಲ್ಲ. ಕ್ಯಾಸೆಟ್ಟನ್ನು ಹೊರತೆಗೆದು, ಅಂಟುಟೇಪನ್ನು ಬೆರಳಿನಿಂದ ಸವರಿ, ನನ್ನನ್ನು ನೋಡಿದಳು.

"ಅಪ್ಪಾ, ಅದು ಅವಳ ಡ್ಯಾಡ್ ಕೊಟ್ಟಿದ್ದು!" ಎಂದು ಮನೆಗೆ ಬಂದು ಅತ್ತುಬಿಟ್ಟೆ.

"ಅದಕ್ಯಾಕೆ ಅಳ್ತೀಯೇ? ಹೊಸದು ತಂದ್ಕೊಟ್ರಾಯ್ತು."

"ದೇವರ ನಾಮ ತಾನೇ ಇರೋದು," ಎಂದರು ಅಮ್ಮ. "ದೊಡ್ಡವರ ಮೇಲೆ ಹಾಗೆಲ್ಲ ರೇಗ್ಬಾರ್ದು."

ಹೊಸ ಕ್ಯಾಸೆಟ್ ಬಂತು. ಕ್ಯಾರನ್ ಬಾಗಿಲಲ್ಲೇ ನಿಂತು ಅದನ್ನು ತೆಗೆದುಕೊಂಡು "ಇಟ್ಸ್ ಓಕೆ" ಎಂದಳು. ಮರುದಿನ ತರಗತಿಯಲ್ಲಿ ಬೇರೆ ಕಡೆ ಕುಳಿತಳು. ಹೊಸದರಲ್ಲಿ ಹಾಡುಗಳೆಲ್ಲ ಇದ್ದವು. ಅವಳ ತಂದೆ ಹುಟ್ಟುಹಬ್ಬಕ್ಕೆ ಕಳುಹಿಸಿದ್ದು ಅದಾಗಿರಲಿಲ್ಲ. ಇಷ್ಟು ಸಣ್ಣ ಸಂಗತಿ ನಮ್ಮ ಮನೆಯ ಸುಶಿಕ್ಷಿತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈಗ ನಾನೂ ಮೆಲ್ಬರ್ನ್‌ನಲ್ಲಿದ್ದೇನೆ. ಕಳೆದ ವರ್ಷ ಇಲ್ಲಿನ ವಿಂಡಮ್ ವೇಲ್‌ನ ಒಂದು ಗೃಹಪ್ರವೇಶದಲ್ಲಿ ಶ್ರೀಪಾದ ಅಂಕಲ್ ಊಟದ ತಟ್ಟೆ ಹಿಡಿದು ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಇವಳ ಡಿಸ್ಕೋ ಕ್ಯಾಸೆಟ್ಟನ್ನ ಮಡಿ ಮಾಡಿದ್ದು ನಾನೇ!"

"ಅದು ನನ್ನದಾಗಿರ್ಲಿಲ್ಲ, ಅಂಕಲ್."

"ಅಯ್ಯೋ ಪುಟ್ಟಿ, ಇನ್ನೂ ನೆನಪಿಟ್ಕೊಂಡಿದೀಯಾ?"

ಮತ್ತೆ ಎಲ್ಲರೂ ನಕ್ಕರು. ನೆನಪಿಟ್ಟುಕೊಂಡಿದ್ದೇನೆ. ಆ ಸೋಮವಾರದ ನಂತರ ಈ ದೇಶದಲ್ಲಿ ಯಾರಿಂದಲೂ ನಾನು ಏನನ್ನೂ ಎರವಲು ಪಡೆದಿಲ್ಲ; ಎರವಲು ಕೇಳುವಷ್ಟು ಹತ್ತಿರದವರು ನನಗೆ ಮತ್ತೆ ಸಿಗಲೂ ಇಲ್ಲ.