ದಡದ ಕಡೆಯ ಹಗ್ಗ

ಆ ಹಗ್ಗಗಳನ್ನು ಬಿಚ್ಚಿದವಳು ನಾನು. ಶಶಿಕಲಾ ಹಾಕಿದ ಗಂಟು ಜಾರಿರಲಿಲ್ಲ. ನಾನೇ ಕೈಯಾರೆ ಒಂದೊಂದಾಗಿ ಬಿಚ್ಚಿ, ಸುತ್ತಿ, ನನ್ನ ಚೀಲದೊಳಗೆ ಇಟ್ಟುಕೊಂಡಿದ್ದೆ. ಇಷ್ಟು ಹೇಳುವುದಕ್ಕೆ ವರ್ಷಗಳೇ ಹಿಡಿದವು — ಈಗಲೂ, ಈ ನಾಲ್ಕು ಸಾಲು ಬರೆದವಳು ಎದ್ದುಹೋಗಿ ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ. ಯಾರು ಬಂದಾರು ಎಂಬ ಭಯವೋ ನನಗೇ ತಿಳಿಯದು.

ನಾನು ಬೆಂಗಳೂರಿನ ಜಯನಗರದವಳು. ಬಯಲಿನಲ್ಲಿ ಕೆಲವು ದಿನ ನಿಂತು ಆಮೇಲೆ ಇಲ್ಲವಾಗುವ ಕಲಾಕೃತಿಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಪಾರ್ಕಿಗೆ, ಕಾಲೇಜಿನ ಅಂಗಳಕ್ಕೆ, ಚಳಿಗಾಲ ಬಂದರೆ ಕಡಲ ತೀರದ ಉತ್ಸವಗಳಿಗೆ. ಆಗ ಶಶಿಕಲಾ, ನನ್ನ ಶಶಿ, ಜೊತೆಗಿದ್ದಳು. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ನಾನು ಬರೆದದ್ದನ್ನು ನೆಲದ ಮೇಲೆ ನಿಲ್ಲಿಸುತ್ತಿದ್ದವಳು ಅವಳು. ಹೊರಗಿನವರಿಗೆ ನಾವಿಬ್ಬರೂ ಒಂದೇ ಹೆಸರು.

ಆ ವರ್ಷ ಕರಾವಳಿಯ ಒಂದು ಊರಿನವರು ಡಿಸೆಂಬರಿನಲ್ಲಿ ಕರೆದಿದ್ದರು. ಉಸಿರಾಡುವ ಮನೆಯೊಂದನ್ನು ಮಾಡೋಣ ಎಂದುಕೊಂಡೆವು. ಬಿದಿರಿನ ದೊಡ್ಡ ದೊಡ್ಡ ಬಳೆಗಳು, ಅವಕ್ಕೆ ಹೊದಿಸಿದ ಹಳೆಯ ಕಾಟನ್ ಸೀರೆಗಳು — ಗಾಳಿ ಬಂದರೆ ಇಡೀ ಮನೆ ಉಬ್ಬಬೇಕು, ಇಳಿಯಬೇಕು. ಒಳಗೆ ಮರಳಿನ ಮೇಲೆ ಅಂಗಾತ ಮಲಗಿದವರಿಗೆ ಯಾವುದೋ ಪ್ರಾಣಿಯ ಹೊಟ್ಟೆಯಲ್ಲಿದ್ದಂತೆ ಅನ್ನಿಸಬೇಕು. ಸಿದ್ದಾಪುರ, ಬನಶಂಕರಿ ಎಂದು ಮನೆಮನೆ ಅಲೆದು ಸೀರೆ ಕೇಳಿ ತಂದೆವು. ಚಿಕ್ಕಲಸಂದ್ರದಲ್ಲಿ ಒಬ್ಬ ಪರಿಚಯದವರ ತಾರಸಿಯ ಮೇಲೆ ಒಮ್ಮೆ ನಿಲ್ಲಿಸಿ ನೋಡಿದೆವು. ಅಕ್ಕಪಕ್ಕದ ಹೆಂಗಸರೆಲ್ಲ ಒಳಗೆ ಮಲಗಿ ನಕ್ಕು ಹೋದರು. ಅಷ್ಟು ಸಂತೋಷದ ದಿನಗಳು ನನಗೆ ಮತ್ತೆ ಬರಲಿಲ್ಲ.

ತೀರದಲ್ಲಿ ಮನೆ ಎದ್ದ ದಿನ ಶಶಿ ನಾಲ್ಕೂ ಕಡೆ ಹಗ್ಗ ಎಳೆದು ಗೂಟಕ್ಕೆ ಕಟ್ಟಿದಳು. ದಡದ ಕಡೆಯ ಹಗ್ಗಗಳು ಬಾಗಿಲಿಗೆ ಅಡ್ಡವಾಗಿ, ನೋಡಲು ಕೆಟ್ಟದಾಗಿ ಕಾಣುತ್ತಿದ್ದವು.

"ಈ ಕಡೇದು ಬೇಕಾ? ಗಾಳಿ ಬರೋದು ಸಮುದ್ರದಿಂದ ತಾನೆ," ಎಂದೆ.

"ಚಳಿಗಾಲದಾಗ ಮುಂಜಾನೆ ಗಾಳಿ ದಂಡಿ ಕಡಿಂದ ಬೀಸ್ತೈತಂತ. ಇಲ್ಲೀ ಮಂದೀನ್ನ ಕೇಳೇನಿ," ಎಂದಳು. "ಇರಲಿ ಬಿಡು, ವಿನುತಾ. ನೋಡಾಕ ಸ್ವಲ್ಪ ಚಂದ ಕಾಣಲಿಲ್ಲಂದ್ರ ಏನಾತು."

ಆ ಸಂಜೆ ಅವಳಿಗೆ ಬಿಸಿಲಿನಿಂದ ತಲೆನೋವು. ಲಾಡ್ಜಿಗೆ ಹೋಗಿ ಮಲಗಿದಳು. ಸೂರ್ಯ ಇಳಿಯುತ್ತಿದ್ದ. ಸೀರೆಗಳ ಹಿಂದೆ ಬೆಳಕು ಬಂದು ಇಡೀ ಮನೆ ಒಳಗಿನಿಂದಲೇ ಉರಿಯುವಂತೆ ಕಂಡಿತು. ಫೋಟೋ ತೆಗೆಯಲು ನಿಂತೆ. ಪ್ರತಿ ಫೋಟೋದಲ್ಲೂ ಆ ಹಗ್ಗಗಳು. ಬಿಚ್ಚಿದೆ. ಫೋಟೋ ಸೊಗಸಾಗಿ ಬಂತು. ಕೂಡಲೇ ಮತ್ತೆ ಕಟ್ಟಬಹುದಿತ್ತು — ಬೆಳಕಿತ್ತು, ಸಮಯವಿತ್ತು. ಕಟ್ಟಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಮಾರನೆಯ ಬೆಳಿಗ್ಗೆ ಬರುವ ಅತಿಥಿಗಳೂ ಅದನ್ನು ಹಾಗೆಯೇ ನೋಡಲಿ ಎಂದು ಬಿಟ್ಟೆ.

ಬೆಳಿಗ್ಗೆ ನಾನೊಬ್ಬಳೇ ಬೇಗ ಬಂದೆ. ಟೀ ಅಂಗಡಿಯ ಮುಂದೆ ಲೋಟ ಹಿಡಿದು ಸಮುದ್ರ ನೋಡುತ್ತಾ ನಿಂತಿದ್ದೆ. ನೀರು ಕೆರೆಯ ಹಾಗೆ ಶಾಂತವಾಗಿತ್ತು. ಆಗ ಕತ್ತಿನ ಹಿಂದೆ ತಣ್ಣಗೆ ಏನೋ ತಾಕಿತು. ಗಾಳಿ — ಮುಖಕ್ಕಲ್ಲ, ಬೆನ್ನಿಗೆ. ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಾಲು ಮರಳಿನಲ್ಲಿ ಹೂತುಹೋದಂತೆ ನಿಂತುಬಿಟ್ಟೆ. ಹಗ್ಗ ನನ್ನ ಹೆಗಲ ಚೀಲದಲ್ಲೇ ಇತ್ತು. ಕಣ್ಣೆದುರೇ ಮನೆ ಉಬ್ಬಿತು, ಇನ್ನೂ ಉಬ್ಬಿತು, ನಂತರ ಸಮುದ್ರದ ಕಡೆಗೆ ನಿಧಾನವಾಗಿ ಮಗುಚಿಕೊಂಡಿತು. ಬಿದಿರು ಸೀಳಿದ ಸದ್ದು. ಅದರ ಒಳಗಿನಿಂದ ಒಂದು ಕೂಗು.

ಒಳಗೆ ಪ್ರಮೀಳಾ ಇದ್ದಳು. ಆ ಊರಿನ ಕಾಲೇಜು ಹುಡುಗಿ, ಉತ್ಸವಕ್ಕೆ ನೆರವಾಗಲು ಬಂದವಳು, ಮರಳು ಸಮ ಮಾಡುತ್ತಿದ್ದಳು. ಜನ ಓಡಿದರು. ನಾನೂ ಓಡಿದೆ. ಆದರೆ ಎಲ್ಲರೂ ಸೀರೆ ಎಳೆದು ಅವಳನ್ನು ಹುಡುಕುತ್ತಿದ್ದಾಗ ನಾನು ಮೊದಲು ಮಾಡಿದ್ದೇನು ಗೊತ್ತೇ — ಚೀಲದಿಂದ ಹಗ್ಗ ತೆಗೆದು ಆ ರಾಶಿಯೊಳಗೆ ತುರುಕಿದೆ. ಯಾರೂ ನೋಡಲಿಲ್ಲ. ಆಮೇಲೆ ಬಿದಿರಿಗೆ ಕೈ ಹಾಕಿದೆ. ಅವಳ ಎಡಗೈ ಮೊಣಕೈಯ ಹತ್ತಿರ ಇರಬಾರದ ಕಡೆಗೆ ತಿರುಗಿತ್ತು.

ಉತ್ಸವದವರು ಕೇಳಿದರು, ಹಗ್ಗ ಹೇಗೆ ಕಳಚಿತು ಎಂದು. ಅಷ್ಟರಲ್ಲಿ ಶಶಿಯೂ ಓಡಿಬಂದು ಪಕ್ಕದಲ್ಲಿ ನಿಂತಿದ್ದಳು. ನನ್ನ ಬಾಯಿಂದ ಬಂದ ಮಾತು ಇದು:

"ಹಗ್ಗದ ಕೆಲಸ ಎಲ್ಲಾ ಶಶೀನೇ ನೋಡ್ಕೊಂಡಿದ್ದು."

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಶಶಿ ಬರಿಯ ಗೂಟಗಳನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು. "ನಾ ಬಿಗಿಯಾಗೇ ಕಟ್ಟಿದ್ನಲ್ಲ..." ಎಂದಳು. ಪೊಲೀಸರ ತನಕ ಹೋಗುವುದು ಬೇಡವೆಂದು ಉತ್ಸವದವರನ್ನು ಬೇಡಿಕೊಂಡವಳೂ ನಾನೇ — ನನಗೋಸ್ಕರ.

ಬೆಂಗಳೂರಿಗೆ ಬಂದ ಮೇಲೆ ಅವಳು ಈ ಕೆಲಸವನ್ನೇ ಬಿಟ್ಟಳು. ಬಿಟಿಎಂನಲ್ಲೇ ಯಾವುದೋ ಆಫೀಸಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿದಳೆಂದು ಕೇಳಿದೆ. ನಾನು ಬಿಡಲಿಲ್ಲ. ಆದರೆ ಅಂದಿನಿಂದ ಭಯ ಒಂದು ದಿನವೂ ಬಿಟ್ಟಿಲ್ಲ. ಗಣೇಶನ ಪೆಂಡಾಲಿನ ಬಟ್ಟೆ ಪಟಪಟ ಎಂದರೆ ರಸ್ತೆ ದಾಟಿ ಆ ಕಡೆ ಹೋಗುತ್ತೇನೆ. ಕರಾವಳಿಯ ಯಾವ ನಂಬರಿನಿಂದ ಫೋನ್ ಬಂದರೂ — ಆ ಸಂಜೆ ಯಾರೋ ನನ್ನನ್ನು ನೋಡಿದ್ದಾರೆ, ಈಗ ಹೇಳುತ್ತಿದ್ದಾರೆ ಎಂದೇ ಹೆದರಿ ಎತ್ತದೆ ಬಿಡುತ್ತಿದ್ದೆ. ನನ್ನ ಕೆಲಸಕ್ಕೊಂದು ಬಹುಮಾನ ಬಂದ ದಿನವೂ ಹಾಗೆಯೇ.

ಈ ಚಳಿಗಾಲದ ಶುರುವಿನಲ್ಲಿ ಬನಶಂಕರಿ ಮೆಟ್ರೋ ಮೆಟ್ಟಿಲ ಮೇಲೆ ಶಶಿ ಸಿಕ್ಕಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವಳೇ ಬಂದು ಕೈ ಹಿಡಿದಳು.

"ನೀ ಇನ್ನೂ ಮಾಡ್ಲಿಕ್ಹತ್ತೀಯಲ್ಲ, ಖುಷಿ ಆತು," ಎಂದಳು. ಸ್ವಲ್ಪ ತಡೆದು, "ಅವತ್ತು ನನ್ನ ಹೆಸರು ಪೊಲೀಸರ ತನಕ ಹೋಗಲಾರದಂಗ ನೋಡ್ಕೊಂಡಿ. ನಾ ಮರೆತಿಲ್ಲವಾ," ಎಂದಳು.

ಅವಳು ನನಗೆ ಕೃತಜ್ಞಳಾಗಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಭಾನುವಾರ ಮಧ್ಯಾಹ್ನ ಅವಳ ಮನೆ ಹುಡುಕಿಕೊಂಡು ಹೋದೆ. ಅವಳು ಚಹಾಕ್ಕಿಟ್ಟಳು. ಅವಳು ಬೆನ್ನು ತಿರುಗಿಸಿದ್ದಾಗಲೇ ಹೇಳಿದೆ — ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅವಳು ಒಲೆ ಆರಿಸಿದಳು.

"ನಾ ಪ್ರತಿ ವರ್ಷಾ ಆ ಹುಡುಗಿಗೆ ಫೋನ್ ಮಾಡ್ತೀನಿ," ಎಂದಳು. "ಕ್ಷಮಾ ಕೇಳ್ತೀನಿ. ಅಕೀ ಕೈ ಇನ್ನೂ ಪೂರಾ ಚಾಚಾಕ ಬರೂದಿಲ್ಲ. ನಿನಗ ಗೊತ್ತೇನು ಅದು?"

ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ.

ಶಶಿ ಅಳಲಿಲ್ಲ, ಕೂಗಾಡಲಿಲ್ಲ. ಫೋನ್ ತೆಗೆದು ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ, ನನ್ನ ಮುಂದೆ ಇಟ್ಟಳು. ಎದ್ದು ಓಡಿಬಿಡಬೇಕೆನಿಸಿತು. ಬಾಗಿಲು ತೆರೆದೇ ಇತ್ತು.

"ಶಶಿ ಅಕ್ಕಾ, ಎಂತ ಈ ಸರ್ತಿ ಬೇಗ ಫೋನ್ ಮಾಡಿದ್ದು?" ನಗುವ ದನಿ.

"ಶಶಿ ಅಲ್ಲ," ಎಂದೆ. ಹೆಸರು ಹೇಳಿದೆ. ಹಗ್ಗ ಬಿಚ್ಚಿದ್ದು ಹೇಳಿದೆ, ರಾಶಿಯಲ್ಲಿ ತುರುಕಿದ್ದು ಹೇಳಿದೆ, ಶಶಿಯ ಮೇಲೆ ಹಾಕಿದ್ದು ಹೇಳಿದೆ. ಕಟ್ ಆಯಿತೇನೋ ಎಂದು ಪರದೆ ನೋಡಿದೆ. ಆಗಿರಲಿಲ್ಲ.

"ಅವತ್ತು ಆಸ್ಪತ್ರೆಯಲ್ಲಿ," ಎಂದಳು ಪ್ರಮೀಳಾ, "ಅಮ್ಮ ಬರುವವರೆಗೆ ನನ್ನ ಬಲಗೈ ಹಿಡ್ಕೊಂಡು ಕೂತದ್ದು ನೀವಲ್ವಾ?"

"ನಾನೇ."

"ಹೆದರಬೇಡ ಹೆದರಬೇಡ ಅಂತ ಹೇಳ್ತಾ ಇದ್ದದ್ದು?"

"ಹೌದು."

ಅವಳು ಫೋನ್ ಇಟ್ಟಳು.

ಶಶಿ ಒಳಗಿನ ಕೋಣೆಗೆ ಹೋದಳು, ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲು ಮುಂದೆ ಮಾಡಿಕೊಂಡು ಬಂದೆ.

ಮರುದಿನ ಉತ್ಸವದವರಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಈ ಚಳಿಗಾಲಕ್ಕೆ ಒಪ್ಪಿಕೊಂಡಿದ್ದ ಹೊಸ ಕೆಲಸವನ್ನೂ ಬಿಟ್ಟುಕೊಟ್ಟೆ. ಅವರಿಂದ ಉತ್ತರ ಬಂದಿಲ್ಲ. ಪ್ರಮೀಳಾಳಿಂದಲೂ ಇಲ್ಲ, ಶಶಿಯಿಂದಲೂ ಇಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಭಯ ಹೋಗಿದೆ ಎಂದು ಹೇಳಲಾರೆ — ಫೋನ್ ಅಲುಗಿದರೆ ಈಗಲೂ ಮೊದಲು ನಂಬರ್ ನೋಡುತ್ತೇನೆ. ಆದರೆ ಯಾರದೇ ಇರಲಿ, ಎತ್ತುತ್ತೇನೆ.