ಬಲಗೈಯಲ್ಲಿ ಬೀಗರೂಟ

ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದ ಮೇಲೆ ನನ್ನ ಯಜಮಾನರೇ ಚಮಚದಲ್ಲಿ ಉಣ್ಣಿಸುತ್ತಿದ್ದರು. ಮುದ್ದೆಯನ್ನು ಚಮಚದಲ್ಲಿ ತಿನ್ನುವುದೂ ಒಂದು ಊಟವೇ? ಎಡಗೈಯಲ್ಲಿ ಉಣ್ಣಲು ನನ್ನ ಮನಸ್ಸು ಒಪ್ಪಲಿಲ್ಲ. ಹೀಗಿರುವಾಗ ತಂಗಿಯ ಮಗಳ ಮದುವೆ ಗೊತ್ತಾಯಿತು. "ಧಾರೆಗೆ ಬರ್ತೀನಿ, ಬೀಗರೂಟಕ್ಕೆ ಮಾತ್ರ ಕರೀಬೇಡ. ಪಂಕ್ತೀಲಿ ಕೂತು ಗಂಡನ ಕೈಲಿ ತುತ್ತು ತಿನ್ನೋಳಲ್ಲ ನಾನು," ಎಂದು ತಂಗಿಗೆ ಖಡಾಖಂಡಿತವಾಗಿ ಹೇಳಿದೆ. ಹೇಳಿ, ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ.

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಯಂತ್ರವಿದೆ ಎಂದು ತಿಳಿದು ಕುಶಾಲನಗರದಿಂದ ಬಸ್ಸು ಹತ್ತಿದೆವು. ತಲೆಗೆ ತಂತಿಗಳ ಟೋಪಿ, ಕೈಗೆ ಮೋಟಾರಿನ ಗವಸು. ಮುಷ್ಟಿ ಹಿಡಿಯಬೇಕೆಂದು ನಾನು ನೆನೆದರೆ ಟೋಪಿ ಅದನ್ನು ಮೆದುಳಿನಿಂದ ತಿಳಿದುಕೊಳ್ಳುತ್ತದೆ, ಗವಸು ಬೆರಳು ಮಡಿಸುತ್ತದೆ. ಮಾಡುತ್ತಾ ಮಾಡುತ್ತಾ ಕೈ ತಾನೇ ಕಲಿಯಬಹುದು ಎಂದಳು ಥೆರಪಿ ಮಾಡಿಸುವ ಹುಡುಗಿ.

ನೆನೆದೆ. ಹಲ್ಲು ಕಚ್ಚಿ ನೆನೆದೆ. ಗವಸು ಕದಲಲಿಲ್ಲ. ಮೆದುಳೇ ಕೆಟ್ಟಿದೆ, ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಹುಡುಗಿ ಟೋಪಿ ಬಿಚ್ಚಿ, ತನ್ನ ಬೆರಳು ಮೂಸಿ ನೋಡಿದಳು.

"ಅಮ್ಮ, ತಲೆಗೆ ಏನ್ ಹಚ್ಚಿದ್ದೀರಾ?"

"ಹರಳೆಣ್ಣೆ ಮೇಡಂ," ಎಂದರು ಯಜಮಾನರು, ಹೆಮ್ಮೆಯಿಂದ. "ಮೆದುಳಿನ ಕೆಲ್ಸ ಅಂದ್ರಲ್ಲ, ತಂಪಾಗಿರ್ಲಿ ಅಂತ ಬೆಳಿಗ್ಗೆ ನಾನೇ ಚೆನ್ನಾಗಿ ತಟ್ಟಿದ್ದೆ."

"ಅಯ್ಯೋ ಅಂಕಲ್, ಎಣ್ಣೆ ಇದ್ರೆ ಟೋಪಿಗೆ ಮೆದುಳಿಂದ ಏನೂ ಸಿಗಲ್ಲ!"

ಅವರಿಗೆ ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ನಗು ಉಕ್ಕಿತು, ಮೆದುಳು ನೆಟ್ಟಗಿದೆಯಲ್ಲ! ಮಾರನೆಯ ದಿನ ಸೀಗೆಪುಡಿ ಹಾಕಿ ಎರಡೆರಡು ಸಲ ತಲೆ ತೊಳೆದವರೂ ಅವರೇ. "ಲೋಟ ಹಿಡಿಯೋದನ್ನ ನೆನೆಸ್ಕೊಳ್ಳಿ," ಎಂದಳು ಹುಡುಗಿ. ನಾನು ಮುದ್ದೆ ಮುರಿಯುವುದನ್ನು ನೆನೆದೆ. ಗವಸು ಗುರ್ ಎಂದಿತು, ಬೆರಳುಗಳು ಮಡಚಿಕೊಂಡವು. ಮೂವರೂ ಒಟ್ಟಿಗೆ ಕೂಗಿಕೊಂಡೆವು.

ಆಮೇಲೆ ತಿಂಗಳುಗಟ್ಟಲೆ ಅದೇ ಕೆಲಸ. ಮದುವೆಯ ಹೊತ್ತಿಗೆ ಗವಸಿಲ್ಲದೆಯೂ ಬೆರಳುಗಳು ಒಂದಿಷ್ಟು ಮಾತು ಕೇಳುತ್ತಿದ್ದವು, ಹೆಬ್ಬೆರಳು ಮಾತ್ರ ಹಟ ಬಿಟ್ಟಿರಲಿಲ್ಲ.

ಬೀಗರೂಟಕ್ಕೆ ಕೂತೇಬಿಟ್ಟೆ. ಎಲೆಗೆ ಮುದ್ದೆ ಬಂತು, ಮಟನ್ ಸಾರು ಬಂತು. ಮೊದಲ ತುತ್ತು ಮಡಿಲಿಗೆ ಬಿತ್ತು. ಎರಡನೆಯದು ಬಾಯಿಗೆ. ಯಜಮಾನರು ಜೇಬಿನಿಂದ ಚಮಚ ತೆಗೆದರು. ಕಣ್ಣು ಬಿಟ್ಟೆ, ಒಳಗಿಟ್ಟರು. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಉಳಿದವರು ಏಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬೀಗರೆಲ್ಲ ಉಂಡು ಮುಗಿಸಿ, ಎಂಜಲು ಕೈ ಒಣಗಿಸಿಕೊಂಡು ನನ್ನ ಎಲೆಯನ್ನೇ ನೋಡುತ್ತಿದ್ದರು.

ಕೊನೆಯ ತುತ್ತು ನುಂಗಿದೆ. ಬಡಿಸುವವನು ಬಾಗಿ, "ಸಾಕಾ ದೊಡ್ಡಮ್ಮ?" ಎಂದ.

"ಇನ್ನೊಂದು ಮುದ್ದೆ ಇಕ್ಕಪ್ಪ," ಎಂದೆ.