ನನ್ನ ಕಂಪ್ಯೂಟರಿಗೆ ಹಾಕಿದ ಕಾವಲು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೇ ಕೂತು ನಾನು ಪವರ್‌ಲೂಮ್ ಸೀರೆಗಳಿಗೆ ಅಂಚಿನ ಡಿಸೈನ್ ಮಾಡುತ್ತೇನೆ. ಕಂಪ್ಯೂಟರನ್ನು ಜೋಡಿಸಿಕೊಟ್ಟವರು ನನ್ನ ಗಂಡನ ಅಣ್ಣ. ಹಿಂದಿನ ಬೀದಿಯಲ್ಲಿ ಅವರದೇ ಮಗ್ಗಗಳಿವೆ. "ಈ ಫೈರ್‌ವಾಲ್ ಇದ್ರೆ ಸ್ಲೋ ಆಗ್ತದೆ ಕಣಮ್ಮಾ," ಎಂದು, ಹೊರಗಿನವರು ಒಳನುಗ್ಗದಂತೆ ತಡೆಯುವ ಆ ಕಾವಲನ್ನು ಅವರೇ ಆಫ್ ಮಾಡಿ ಹೋಗಿದ್ದರು.

ಒಂದು ದಿನ ಪೇಟೆಯ ಅಂಗಡಿಯಲ್ಲಿ ನನ್ನ ಮಾವಿನಕಾಯಿ ಅಂಚಿನ ಸೀರೆ ನೇತಾಡುತ್ತಿತ್ತು. ಆ ಡಿಸೈನನ್ನು ನಾನಿನ್ನೂ ಯಾರಿಗೂ ಕೊಟ್ಟಿರಲಿಲ್ಲ. ವಿಚಾರಿಸಿದರೆ, ಭಾವನ ಮಗ್ಗದ್ದು.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಳು. ನಾನು ಕೇಳಿದ್ದಕ್ಕೆ ಅವಳು ಫೈರ್‌ವಾಲ್ ಆನ್ ಮಾಡಿ, ಸದ್ಯಕ್ಕೆ ಯಾರನ್ನೂ ತಡೆಯದೆ, ಹೊರಗಿನಿಂದ ಯಾರು ಬಂದರೂ ದಾಖಲಾಗುವಂತೆ ಮಾಡಿದಳು. ಮರುದಿನ ಮಧ್ಯಾಹ್ನ, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೊತ್ತಿಗೇ ಭಾವ ಸಿಕ್ಕಿಬಿದ್ದರು.

"ಅಕ್ಕ, ನಿಮ್ಮ ಭಾವ ಇದ್ರಲ್ಲಿ ಒಂದು ಸಾಫ್ಟ್‌ವೇರ್ ಹಾಕವ್ರೆ. ಅವರ ಮನೇಲಿ ಕೂತ್ಕೊಂಡೇ ನಿಮ್ಮ ಫೈಲೆಲ್ಲಾ ತೆಗೀತಾವ್ರೆ. ಅವರ ಕಂಪ್ಯೂಟರ್ ಹೆಸರೇ ಇಲ್ಲಿ ದಾಖಲಾಗೈತೆ. ಈಗ್ಲೇ ಬ್ಲಾಕ್ ಮಾಡ್ಬಿಡ್ಲಾ?"

"ಬೇಡ. ಇನ್ನೊಂದ್ಸಲ ಬರ್ಲಿ," ಎಂದೆ.

ಕೂತು ಗಿಳಿಗಳ ಅಂಚೊಂದನ್ನು ಬರೆದೆ. ನನ್ನ ಕೈಯಿಂದ ಅಷ್ಟು ಚೆಂದದ ಗಿಳಿ ಅದುವರೆಗೆ ಬಂದಿರಲಿಲ್ಲ. ಆದರೆ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಕಡೆ ಅಳತೆ ತಪ್ಪಿಸಿದೆ. ಪರದೆಯ ಮೇಲೆ ಗೊತ್ತಾಗದು. ನೇಯ್ದರೆ ಕೂಡುವ ಜಾಗದಲ್ಲೆಲ್ಲ ಗಿಳಿಯ ಕುತ್ತಿಗೆ ಕತ್ತರಿಸಿದಂತೆ ಕಾಣುತ್ತದೆ. 'ಹೊಸದು' ಎಂದು ಹೆಸರಿಟ್ಟು ಎದುರಿಗೇ ಬಿಟ್ಟೆ.

ಭಾವ ಅದನ್ನು ಎತ್ತಿಕೊಂಡರು. ಸೂಲಿಬೆಲೆಯ ಮದುವೆಮನೆಯವರಿಗೆಂದು ಅದೇ ಅಂಚು ಹಾಕಿ ನೇಯಿಸಿದರು. ಸೀರೆಗಳೆಲ್ಲ ವಾಪಸು ಬಂದವು. ಭಾವ ಸಿಟ್ಟಿನಲ್ಲಿ ಚಪ್ಪಲಿಯನ್ನೂ ಬಿಡದೆ ನಮ್ಮ ನಡುಮನೆಗೆ ನುಗ್ಗಿದರು.

"ಏನಮ್ಮಾ, ಆ ಗಿಳಿ ಡಿಸೈನ್ ಹಿಂಗಾ ಮಾಡೋದು? ನನ್ನ ಮಾನ ಹೋಯ್ತು!"

"ಯಾವ ಗಿಳಿ ಭಾವ? ನಾನಿನ್ನೂ ಯಾರಿಗೂ ತೋರಿಸೇ ಇಲ್ವಲ್ಲ?"

ಪಕ್ಕದಲ್ಲಿದ್ದ ನನ್ನ ಗಂಡ ಅಣ್ಣನ ಮುಖವನ್ನೇ ನೋಡುತ್ತಿದ್ದರು. ನಾನು ಮಹಡಿಯ ಹುಡುಗಿಯನ್ನು ಕೂಗಿದೆ. ಮೊದಲೇ ತರಿಸಿಟ್ಟಿದ್ದ ಫೈರ್‌ವಾಲ್ ಪೆಟ್ಟಿಗೆಯನ್ನು ಅವಳು ಇಂಟರ್ನೆಟ್ ಲೈನಿಗೂ ಕಂಪ್ಯೂಟರಿಗೂ ನಡುವೆ ಜೋಡಿಸಿದಳು. ಭಾವ ಹಾಕಿದ್ದ ಸಾಫ್ಟ್‌ವೇರನ್ನು ಅವರ ಕಣ್ಣೆದುರೇ ಅಳಿಸಿದೆ. "ಕಾಫಿ ಕುಡ್ದು ಹೋಗಿ ಭಾವ," ಎಂದೆ. ಅವರು ನಿಲ್ಲಲಿಲ್ಲ.

"ಒಂದೇ ಮನೆಯವರು, ಮರೆತುಬಿಡು," ಎಂದು ಅತ್ತೆ ಈಗಲೂ ಹೇಳುತ್ತಾರೆ. ಮರೆತಿಲ್ಲ. ಬೆಳಿಗ್ಗೆ ಎದ್ದು ಪೆಟ್ಟಿಗೆ ಯಾರನ್ನು ತಡೆದಿದೆ ಎಂದು ನೋಡುತ್ತೇನೆ. ಮೊದಮೊದಲು ಭಾವನ ಕಡೆಯಿಂದ ಪ್ರಯತ್ನ ನಡೆದೇ ಇತ್ತು. ತಡೆದದ್ದನ್ನು ಕಂಡಾಗಲೆಲ್ಲ ಕಾಫಿ ಇನ್ನಷ್ಟು ರುಚಿಯಾಗುತ್ತಿತ್ತು.